ಘಟ್ಟದ ಹಾದಿ

ನಮ್ಮ ಬಾಲ್ಯದಲ್ಲಿ ಮಠದ ಹಿರಿಯರು ಮಲೆನಾಡಿನತ್ತ ಸಂಚಾರ ಹೊರಟರೆ ಮರಳುವ ದಿನವನ್ನು ಹೇಳುತ್ತಿರಲಿಲ್ಲ. ಅದನ್ನು ಮಳೆ ಮತ್ತು ದಾರಿ ನಿಶ್ಚಯಿಸುತ್ತಿದ್ದವು. ಅರುವತ್ತು ದಾಟಿದ ನಾವು ಇಂದು ದೇಶದ ಹೆದ್ದಾರಿಗಳ ನಕಾಶೆಯನ್ನು ಕಂಡು ಬೆರಗಾಗುತ್ತೇವೆ. 1999ರಲ್ಲಿ ಆರಂಭಗೊಂಡ ಸುವರ್ಣ ಚತುಷ್ಪಥ ಯೋಜನೆಯು ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು 5,846 ಕಿಲೋಮೀಟರ್ ಹೆದ್ದಾರಿಯಿಂದ ಬೆಸೆಯಿತು. ಬೆಳಗಾವಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೂಲಕ ಅದು ನಮ್ಮ ನಾಡನ್ನೂ ಹಾಯ್ದಿದೆ. ಬಯಲುಸೀಮೆಯ ಬಂಧುಗಳಿಗೆ ಅದರಿಂದಾದ ಉಪಕಾರ ಅಲ್ಪವಲ್ಲ.

ಆದರೆ ಘಟ್ಟದ ಮಾತು ಬೇರೆ. ಮಂಗಳೂರು–ತುಮಕೂರು ನಡುವಿನ 73ನೆಯ ರಾಷ್ಟ್ರೀಯ ಹೆದ್ದಾರಿಯು (ಘಟ್ಟದ ಭಾಗದಲ್ಲಿ ಹಿಂದೆ ಇದರ ಸಂಖ್ಯೆ 234) ಚಾರ್ಮಾಡಿ ಘಟ್ಟವನ್ನೇರಿ ಕೊಟ್ಟಿಗೆಹಾರ, ಮೂಡಿಗೆರೆಗಳನ್ನು ಸೇರುತ್ತದೆ. ಕಾಫಿ ಸೀಮೆಯವರಿಗೆ ಇದು ವ್ಯಾಪಾರದ ಮಾರ್ಗವಷ್ಟೇ ಅಲ್ಲ. ಕಾಯಿಲೆ ಬಿದ್ದಾಗ ಮಂಗಳೂರಿನ ಆಸ್ಪತ್ರೆಗೆ ಒಯ್ಯುವ ದಾರಿ.

2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಹಲವೆಡೆ ಕುಸಿದು ಸಂಚಾರ ನಿಂತಿತು. ಆಗ ನಾವು ಮೂಡಿಗೆರೆಯ ಮಿತ್ರರ ಮನೆಯಲ್ಲಿದ್ದೆವು. ಅವರ ವೃದ್ಧ ಮಾತೆಗೆ ಎದೆನೋವು ಕಾಣಿಸಿತು. ಕಾರು ಕಳಸದತ್ತ ತಿರುಗಿ ಕುದುರೆಮುಖದ ಕಾಡುದಾರಿಯಲ್ಲಿ ಬಜಗೋಳಿಗೆ ಇಳಿಯಬೇಕಾಯಿತು. ಮಂಜು, ತಿರುವು, ದಾರಿಗಡ್ಡ ಬಿದ್ದ ಮರ. ಆ ತಾಯಿಯ ಕೈಹಿಡಿದು ಕುಳಿತಿದ್ದ ನಮಗೆ ಗಳಿಗೆಯೊಂದು ಯುಗವಾಯಿತು. ಶಿವಕೃಪೆಯಿಂದ ಅವರು ಉಳಿದರು.

ಆಸ್ಪತ್ರೆಯ ಅಂಗಳದಲ್ಲಿ ಮಿತ್ರರು, “ಶಾಸ್ತ್ರಿಗಳೇ, ಗುಡ್ಡ ಕಡಿದು ಈ ದಾರಿಯನ್ನೂ ಅಗಲ ಮಾಡಬಾರದೇ?” ಎಂದರು. ಆ ಕ್ಷಣದಲ್ಲಿ ನಾವೂ ಹೌದೆಂದೆವು.

ಮರಳುವಾಗ ಆ ಉತ್ತರ ನಮ್ಮಲ್ಲಿ ನಿಲ್ಲಲಿಲ್ಲ. ಕುದುರೆಮುಖದ ಬೆಟ್ಟವನ್ನು ಅಗೆದು, ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಹರಿಸಿದ ಕಾಲವೊಂದಿತ್ತು. ಆ ಗಣಿ 2005ರ ಅಂತ್ಯಕ್ಕೆ ಮುಚ್ಚಿತು. 1987ರಿಂದ ಅದು ರಾಷ್ಟ್ರೀಯ ಉದ್ಯಾನ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಆ ಮಲೆಯನ್ನು ಕಡಿದಾಗಿ ಕಡಿದರೆ, ಮಳೆನೀರು ಮಣ್ಣಿನೊಳಗಿಳಿದು ಬದಿಯನ್ನೇ ಜಗ್ಗಿಸುತ್ತದೆ. ಹೆಚ್ಚು ಅಗಲವಾದ ದಾರಿಯೇ ಮೊದಲು ಕುಸಿದರೆ ರೋಗಿಗೆ ಏನು ಪ್ರಯೋಜನ?

ಆದ್ದರಿಂದ ಬಯಲಿನ ಅಳತೆಗೋಲನ್ನು ಘಟ್ಟಕ್ಕೆ ಹಿಡಿಯಲಾಗದು. ಇಲ್ಲಿ ಮೊದಲು ಬೇಕಾದುದು ನೀರು ಹರಿಯಲು ಮೋರಿ, ಗಟ್ಟಿಯಾದ ತಡೆಗೋಡೆ, ಮಳೆಗೆ ಮುನ್ನ ಚರಂಡಿ ಬಿಡಿಸುವ ಕೈಗಳು. ಮತ್ತು ಘಟ್ಟದ ಮೇಲೆಯೇ ಒಂದು ಒಳ್ಳೆಯ ಆಸ್ಪತ್ರೆ. ಎಷ್ಟು ಬೇಗ ತಲುಪಿದೆವೆಂಬುದಲ್ಲ, ಆಷಾಢದ ರಾತ್ರಿಯಲ್ಲೂ ದಾರಿ ತೆರೆದಿತ್ತೇ ಎಂಬುದೇ ಮಲೆನಾಡಿಗೆ ಹೆದ್ದಾರಿಯ ಪರೀಕ್ಷೆ.

ಆ ತಾಯಿ ಇಂದಿಗೂ ನಮ್ಮನ್ನು ಕಂಡರೆ ಕೇಳುವುದು ಒಂದೇ: “ಅಪ್ಪಾ, ದಾರಿ ಚೆನ್ನಾಗಿತ್ತೇ?”