ಅಗಾದಿರ್‌ನಲ್ಲಿ ನಾಲ್ಕು ದಿನ

ಅಕ್ಟೋಬರ್ ರಜೆ ಬಂತೆಂದರೆ ಡಬ್ಲಿನ್‌ನಲ್ಲಿ ಮಳೆ, ಗಾಳಿ, ಬೇಗ ಕತ್ತಲು. 2024ರಲ್ಲಿ ಆಳಂದದಿಂದ ಅವ್ವ ನಮ್ಮಲ್ಲಿಗೆ ಬಂದಿದ್ದರು. "ಇಲ್ಲಿ ಬಿಸಿಲೇ ಬೀಳಂಗಿಲ್ಲೇನು?" ಎಂದು ದಿನಾ ಕೇಳುತ್ತಿದ್ದರು. ಸರಿ, ಬಿಸಿಲು ಹುಡುಕಿಕೊಂಡು ನಾವು ಐವರೂ ಮೊರಾಕೊದ ಕಡಲತೀರದ ಊರು ಅಗಾದಿರ್‌ಗೆ ಹೊರಟೆವು. ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ.

ಮೊದಲೆರಡು ದಿನ ಮಕ್ಕಳು ಮರಳು ಬಿಟ್ಟು ಏಳಲಿಲ್ಲ. 'ಸೂಕ್ ಎಲ್ ಹದ್' ಎಂಬ ದೊಡ್ಡ ಸಂತೆಗೆ ಹೋದೆವು. 'ಹದ್' ಅಂದರೆ ಅರಬ್ಬಿಯಲ್ಲಿ ಭಾನುವಾರ. ಜೀರಿಗೆ, ಕೊತ್ತಂಬರಿ, ಖರ್ಜೂರದ ರಾಶಿ ನೋಡಿ ಅವ್ವನಿಗೆ ಊರಿಗೇ ಬಂದಷ್ಟು ಖುಷಿ! ತರಕಾರಿ ಹಾಕಿದ ಕುಸ್ಕುಸ್ ತಿಂದು, "ನಮ್ಮ ಗೋಧಿ ನುಚ್ಚಿನಂಗೇ ಐತಿ" ಎಂದರು. ಪುದೀನ ಚಹಾ ಎರಡು ಸಲ ಕೇಳಿ ಕುಡಿದರು.

ಮೂರನೆಯ ದಿನ ಬೆಟ್ಟದ ಮೇಲಿನ ಹಳೆಯ ಕೋಟೆ ಕಸ್ಬಾಗೆ ಹೋದೆವು. 1960ರ ಫೆಬ್ರವರಿ 29ರ ರಾತ್ರಿ, ರಂಜಾನ್ ತಿಂಗಳಲ್ಲಿ, ಇಲ್ಲಿ ಭೂಕಂಪವಾಯಿತು. ಕೆಲವೇ ಸೆಕೆಂಡುಗಳಲ್ಲಿ ಊರು ನೆಲಸಮ. ಸತ್ತವರು ಸುಮಾರು 15,000 ಎನ್ನುತ್ತಾರೆ. ಈಗಿನ ಊರನ್ನು ದಕ್ಷಿಣಕ್ಕೆ ಸರಿಸಿ ಹೊಸದಾಗಿ ಕಟ್ಟಿದ್ದಾರೆ. ಕೋಟೆಯ ಗೋಡೆಗಳನ್ನು ಮತ್ತೆ ನಿಲ್ಲಿಸಿದ್ದಾರೆ; ಒಳಗಿನ ಊರು ಮಾತ್ರ ಮತ್ತೆ ಏಳಲಿಲ್ಲ.

ಇದನ್ನು ಹೇಳಿದಾಗ ಅವ್ವ ಗೋಡೆಗೆ ಕೈ ಇಟ್ಟು ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ, "ಕಿಲ್ಲಾರಿಯಾಗೂ ಗಣಪತಿ ಕಳಿಸಿ ಬಂದು ಮಲಗಿದ್ರು. ಅಕ್ಕನ ಮನಿ ಕಲ್ಲಿನ ಗೋಡಿ, ಮಣ್ಣಿನ ಮಾಳಗಿ. ಬಾಗಿಲಕ್ಕ ಚಿಲಕ ಹಾಕಿತ್ತಂತ" ಎಂದರು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವದ ಆ ಭೂಕಂಪದಲ್ಲಿ ದೊಡ್ಡಮ್ಮ ತೀರಿಕೊಂಡದ್ದು ನಮಗೆ ಗೊತ್ತಿತ್ತು. ಆದರೆ ಅವ್ವ ಅದರ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಡಬ್ಲಿನ್ ಮನೆಯಲ್ಲಿ ಕೋಣೆಯ ಬಾಗಿಲು ತೆರೆದಿಟ್ಟೇ ಮಲಗುವ ಅವ್ವನಿಗೆ, "ಚಳಿ ಬರುತ್ತೆ, ಹಾಕಿಕೊಳ್ಳಿ" ಎಂದು ನಾವು ಎಷ್ಟು ಸಲ ಗೊಣಗಿದ್ದೆವು! ಆ ಮಾತುಗಳು ನೆನಪಾಗಿ ನಾಚಿಕೆಯಾಯಿತು.

ಮಗಳು ಅಜ್ಜಿಯ ಕೈ ಹಿಡಿದು, "ದೊಡ್ಡಜ್ಜಿ ನಿನ್ನ ಹಾಗೇ ಇದ್ದರಾ?" ಎಂದು ಕೇಳಿದಳು. "ನನಗಿಂತ ಚಂದ ಇದ್ದಳು" ಎಂದು ಅವ್ವ ನಕ್ಕರು. ಕೆಳಗೆ ಇಳಿಯುವವರೆಗೂ ಅಕ್ಕನ ಮಾತೇ ಮಾತು.

ಬಿಸಿಲು ಹುಡುಕಿ ಹೋದ ನಾವು ಅವ್ವನ ಮನಸ್ಸನ್ನು ಸ್ವಲ್ಪ ತಿಳಿದು ಬಂದೆವು. ಈಗ ನಮ್ಮ ಮನೆಯಲ್ಲಿ ರಾತ್ರಿ ಅವ್ವನ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಚಳಿಗೆ ಇನ್ನೊಂದು ಕಂಬಳಿ ಕೊಟ್ಟಿದ್ದೇವೆ.