ಬಯ್ಯುವ ಬಾಯಿ, ಹೊಲಿಯುವ ಕೈ

ಹರೆಯದ ಮಕ್ಕಳಿರುವ ಮನೆಯಲ್ಲಿ ನಗುವಿಗೂ ಜಗಳಕ್ಕೂ ನಡುವೆ ಒಂದು ಹೊಸ್ತಿಲಿನಷ್ಟೇ ಅಂತರ. 2017ರಲ್ಲಿ ತೆರೆಕಂಡ ‘ಲೇಡಿ ಬರ್ಡ್’ ಎಂಬ ಅಮೆರಿಕದ ಚಲನಚಿತ್ರ ಈ ಹೊಸ್ತಿಲಿನ ಮೇಲೆಯೇ ನಿಂತಿದೆ. ನಿರ್ದೇಶಕಿ ಗ್ರೇಟಾ ಗರ್ವಿಗ್ ತಮ್ಮ ಹುಟ್ಟೂರಾದ ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರದಲ್ಲಿ, 2002ರ ಸುಮಾರಿನಲ್ಲಿ, ಈ ಕಥೆಯನ್ನಿರಿಸಿದ್ದಾರೆ.

ಕ್ರಿಸ್ಟೀನ್ ಕ್ಯಾಥೊಲಿಕ್ ಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿನಿ. ಹೆತ್ತವರಿಟ್ಟ ಹೆಸರನ್ನು ಬದಿಗಿಟ್ಟು ತನಗೆ ತಾನೇ ‘ಲೇಡಿ ಬರ್ಡ್’ ಎಂದು ನಾಮಕರಣ ಮಾಡಿಕೊಂಡವಳು! ತಂದೆಯ ಕೆಲಸ ಹೋಗುತ್ತದೆ. ದಾದಿಯಾದ ತಾಯಿ ಎರಡೆರಡು ಪಾಳಿ ದುಡಿಯುತ್ತಾಳೆ. ಮಗಳಿಗೋ ದೂರದ ನ್ಯೂಯಾರ್ಕಿನ ಕಡೆಯ ಕಾಲೇಜೇ ಆಗಬೇಕು. ಚಿತ್ರದ ಆರಂಭದಲ್ಲಿಯೇ ತಾಯಿ ಮಗಳು ಕಾರಿನಲ್ಲಿ ಕಾದಂಬರಿಯೊಂದರ ಧ್ವನಿಸುರುಳಿ ಕೇಳಿ ಒಟ್ಟಿಗೆ ಕಣ್ಣೊರೆಸಿಕೊಳ್ಳುತ್ತಾರೆ. ಮರುಗಳಿಗೆಯಲ್ಲಿ ಕಾಲೇಜಿನ ವಿಷಯಕ್ಕೆ ಮಾತು ಬೆಳೆಯುತ್ತದೆ. ತಾಯಿಯ ಮಾತು ತಾಳಲಾರದೆ ಹುಡುಗಿ ಓಡುವ ಕಾರಿನಿಂದಲೇ ಹಾರಿಬಿಡುತ್ತಾಳೆ!

ಈ ತಾಯಿಯನ್ನು ಕಠೋರಳೆಂದು ತೀರ್ಮಾನಿಸುವುದು ಸುಲಭ. ಆದರೆ ಹಳೆಯ ಬಟ್ಟೆಯಂಗಡಿಯಲ್ಲಿ ಮಗಳನ್ನು ಆಕ್ಷೇಪಿಸುತ್ತಲೇ ಹುಡುಕಿ ತಂದ ಉಡುಪನ್ನು, ದುಡಿದು ದಣಿದ ರಾತ್ರಿಯಲ್ಲಿ ಒಬ್ಬಳೇ ಕುಳಿತು ಮಗಳ ಅಳತೆಗೆ ಹೊಲಿಯುವವಳೂ ಅವಳೇ. ಬಾಯಿ ಆಡಿದ್ದನ್ನು ಮಗಳು ಕೇಳಿಸಿಕೊಂಡಳು. ಕೈ ಮಾಡಿದ್ದನ್ನು ನೋಡಲಿಲ್ಲ. ಎಷ್ಟು ಮನೆಗಳ ಕಥೆ ಇದು!

ಶಾಲೆಯ ಸನ್ಯಾಸಿನಿಯ ಪಾತ್ರವೂ ಸೊಗಸಾಗಿದೆ. ತನ್ನ ಕಾರಿಗೆ ಮದುವೆಯ ಅಲಂಕಾರ ಮಾಡಿ ಗೇಲಿ ಮಾಡಿದ ಈ ಹುಡುಗಿಯನ್ನು ಆಕೆ ದಂಡಿಸದೆ ನಕ್ಕುಬಿಡುತ್ತಾಳೆ. ಮಠದಲ್ಲಿ ಓದಿದ ನಮ್ಮಂಥವರಿಗೆ ಅಂಥ ನಗುವಿನ ಬೆಲೆ ಗೊತ್ತು.

ಅಮೆರಿಕದಲ್ಲಿ 17 ತುಂಬದವರು ಈ ಚಿತ್ರವನ್ನು ಹಿರಿಯರೊಡನೆ ಮಾತ್ರ ನೋಡಬಹುದು. ಕೆಲವು ಮಾತು, ದೃಶ್ಯಗಳು ನಮ್ಮ ಮನೆಗಳಿಗೂ ಒಗ್ಗಲಾರವು. ತಾಯಂದಿರು ಮೊದಲು ತಾವು ನೋಡುವುದು ಲೇಸು. ತಾಯಿ ಮಗಳಾಗಿ ಅಭಿನಯಿಸಿದ ಲಾರಿ ಮೆಟ್‌ಕಾಫ್ ಮತ್ತು ಸರ್ಶಾ ರೋನನ್ ಇಬ್ಬರೂ ಆಸ್ಕರ್‌ಗೆ ನಾಮನಿರ್ದೇಶಿತರಾದದ್ದು ಉಚಿತವೇ ಆಗಿತ್ತು.

ತನಗೆ ತಿಳಿಸದೆ ಮಗಳು ನ್ಯೂಯಾರ್ಕಿಗೆ ಅರ್ಜಿ ಹಾಕಿದಳೆಂದು ತಾಯಿ ಮಾತು ಬಿಡುತ್ತಾಳೆ. ವಿಮಾನನಿಲ್ದಾಣದಲ್ಲಿಯೂ ಕಾರಿನಿಂದ ಇಳಿಯುವುದಿಲ್ಲ. ಮನಸ್ಸು ಕರಗಿ ಹಿಂದಿರುಗುವಷ್ಟರಲ್ಲಿ ಮಗಳು ಒಳಗೆ ಹೋಗಿಯಾಗಿದೆ. ಮಗಳಿಗೆಂದು ಬರೆಯತೊಡಗಿ, ತನ್ನ ಬರವಣಿಗೆ ಹೇಗಿದೆಯೋ ಎಂದು ಅಂಜಿ, ಮುದುಡಿ ಎಸೆದ ಕಾಗದಗಳನ್ನು ತಂದೆ ಆಯ್ದು ಮಗಳ ಪೆಟ್ಟಿಗೆಯಲ್ಲಿರಿಸಿದ್ದಾನೆ. ನ್ಯೂಯಾರ್ಕಿನ ಕೋಣೆಯಲ್ಲಿ ಅವಳು ಅವನ್ನು ಬಿಡಿಸಿ ಓದುತ್ತಾಳೆ. ಮುಂದೊಂದು ದಿನ ಮನೆಗೆ ದೂರವಾಣಿ ಮಾಡಿದಾಗ ಯಾರೂ ಎತ್ತುವುದಿಲ್ಲ. ತಾನು ಕ್ರಿಸ್ಟೀನ್ ಎಂದು ಸಂದೇಶದಲ್ಲಿ ಹೇಳಿ, ತಾಯಿಯೊಡನೆ ಮಾತು ಮುಂದುವರಿಸುತ್ತಾಳೆ.