ಟ್ಯೂಬಿನ ಮೇಲಿನ ಹೆಸರು

ಲಕ್ಷ್ಮೇಶ್ವರದಿಂದ ಗದಗಿಗೆ ಬಸ್ಸಿನಲ್ಲಿ ಓಡಾಡಿಕೊಂಡೇ ನಾನು ಬಿ.ಎಸ್ಸಿ. ಎಂ.ಎಲ್.ಟಿ. ಓದ್ತಿರೋದು. "ರಕ್ತ ತಗ್ಯಾಕ ಡಿಗ್ರಿ ಯಾಕ ಬೇಕವ್ವಾ?" ಅಂತಾರೆ ದೊಡ್ಡವ್ವ.

ತೆಗೆಯೋದು ಎರಡು ನಿಮಿಷದ ಕೆಲಸ. ಆದರೆ ನೇರಳೆ ಮುಚ್ಚಳದ ಟ್ಯೂಬಿನ ಇಡಿಟಿಎಯಲ್ಲಿ ಪೊಟ್ಯಾಸಿಯಂ ಇರುತ್ತೆ. ಅದು ಚೂರು ಸೀರಂ ಟ್ಯೂಬಿಗೆ ಸೇರಿದರೂ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಏರುತ್ತೆ, ಕ್ಯಾಲ್ಸಿಯಂ ಇಳಿಯುತ್ತೆ. ಮಷಿನ್ ಕೊಟ್ಟದ್ದನ್ನಷ್ಟೇ ಅಳೆಯುತ್ತೆ. ಡಾಕ್ಟರು ಆ ಅಂಕಿ ನಂಬಿ ಔಷಧಿ ಬರೀತಾರೆ. ಅನುಮಾನ ಬಂದರೆ ಮತ್ತೆ ರಕ್ತ ಕೊಡಬೇಕು. ಮುಂಡರಗಿ, ಶಿರಹಟ್ಟಿ ಕಡೆಯಿಂದ ಬಂದವರಿಗೆ ಅಂದರೆ ಇನ್ನೊಂದು ದಿನದ ಕೂಲಿ ಹೋದಂತೆ.

2021ರ ಕೇಂದ್ರ ಕಾಯ್ದೆ ನಮ್ಮ ವೃತ್ತಿಗೂ ನೋಂದಣಿಯ ಚೌಕಟ್ಟು ತಂದಿದೆ. ಪರೀಕ್ಷೆಗೆ ಟ್ಯೂಬುಗಳ ಕ್ರಮ ಬಾಯಿಪಾಠ ಮಾಡುವಾಗ ಕಣ್ಮುಂದೆ ಬರೋರು ಅವರೇ. ನನ್ನ ಹೆಸರು ಅವರಿಗೆ ಗೊತ್ತಾಗಬೇಕಿಲ್ಲ. ಅವರ ಹೆಸರು ಮಾತ್ರ ಟ್ಯೂಬಿನ ಮೇಲೆ ಸರಿಯಾಗಿರಬೇಕು.